ಕಂಡಿಕೆಯಿಂದ ಬಂದ ರೀಲು: ಮಂಗಳೂರಿನ ಉಪ್ಪು, ಹೋಟಗಿಯ ಧೂಳು

ಉಳ್ಳಾಲದಿಂದ ಸುರತ್ಕಲ್‌ವರೆಗೆ ಯಾವುದಾದರೂ ಬ್ಯಾರಿ ಮನೆಯ ಅಟ್ಟ ಹತ್ತಿ ನೋಡಿ. ಗಲ್ಫ್ ಕಾಲದ ಸಾಮಾನುಗಳು ಇನ್ನೂ ಅಲ್ಲಿರುತ್ತವೆ. ಮೂಲೆ ಒಡೆದ ಸೂಟ್‌ಕೇಸ್, ನಿಂತುಹೋದ ಟೇಪ್ ರೆಕಾರ್ಡರ್, ಯಾರೂ ಬಳಸದ ಥರ್ಮಾಸ್. ಕೆಲವು ಮನೆಗಳಲ್ಲಿ ಇವುಗಳ ಜೊತೆ ಮೀನು ಹಿಡಿಯುವ ಒಂದು ರೀಲು ಕೂಡ ಇರುತ್ತದೆ. ರಜೆಯ ಶುಕ್ರವಾರ ದುಬೈಯ ಖೋರಿನ ದಂಡೆಯಲ್ಲೋ ಜುಬೈಲಿನ ಸಮುದ್ರ ತೀರದಲ್ಲೋ ಗಾಳ ಹಾಕಿ ಕೂರುತ್ತಿದ್ದ ಉಪ್ಪ ಊರಿಗೆ ಬರುವಾಗ ತಂದದ್ದು. ಇಲ್ಲಿ ಅಳಿವೆಬಾಗಿಲಲ್ಲಿ ನಾಲ್ಕು ಸಲ ಬಳಸಿ, ಒದ್ದೆಯಾಗಿಯೇ ತೊಟ್ಟೆಯಲ್ಲಿ ಕಟ್ಟಿ ಇಟ್ಟದ್ದು. ಈಗ ಅದರ ಹಿಡಿ ತಿರುಗುವುದಿಲ್ಲ. ಮಗ ಬಿಸಾಡೋಣ ಎನ್ನುತ್ತಾನೆ, ಉಮ್ಮ ಬಿಡುವುದಿಲ್ಲ.

ಉಮ್ಮ ಹೇಳುವುದೇ ಸರಿ. ಅಂಥ ರೀಲುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ, ಹಿಡಿದುಕೊಂಡಿರುತ್ತವೆ ಅಷ್ಟೆ. ಬಿಚ್ಚಿ ತೊಳೆದು ಎಣ್ಣೆ ಕಾಣಿಸಿದರೆ ಮತ್ತೆ ತಿರುಗುತ್ತವೆ. ಆದರೆ ಬಿಚ್ಚುವ ಧೈರ್ಯ ಬರಬೇಕಾದರೆ ಆ ವಸ್ತು ಎಲ್ಲಿಂದ ಬಂತು, ಯಾರ ಕೈಯಲ್ಲಿ ಹುಟ್ಟಿತು ಎಂದು ಸ್ವಲ್ಪ ಗೊತ್ತಿರಬೇಕು. ಈ ಲೇಖನ ಅದಕ್ಕಾಗಿ.

ಇದನ್ನು ಬರೆಯುತ್ತಿರುವುದು ಸಮುದ್ರದಿಂದ ಬಹಳ ದೂರದ ಹೋಟಗಿಯಿಂದ. ಸೊಲ್ಲಾಪುರದ ಪಕ್ಕದ ರೈಲ್ವೆ ಜಂಕ್ಷನ್ ಇದು. ಮುಂಬೈ ಮದ್ರಾಸ್ ದಾರಿಯಿಂದ ವಿಜಯಪುರ, ಗದಗದ ಕಡೆಗೆ ಹಳಿ ಒಡೆಯುವುದು ಇಲ್ಲಿಯೇ. ಸರಕಾರಿ ಬೋರ್ಡು ಮರಾಠಿಯಲ್ಲಿದ್ದರೂ ಬೀದಿಯಲ್ಲಿ, ಚಹಾದಂಗಡಿಯಲ್ಲಿ ಕನ್ನಡ ಧಾರಾಳವಾಗಿ ಕೇಳಿಸುತ್ತದೆ. ಊರಿಗೆ ಒಂದು ದೊಡ್ಡ ಕೆರೆ ಇದೆ. ದಕ್ಷಿಣಕ್ಕೆ ಹೋದರೆ ಭೀಮಾ ನದಿ, ಆಚೆ ದಂಡೆ ಕರ್ನಾಟಕ. ಕೆಲಸಕ್ಕೆಂದು ಬಂದು ಇಲ್ಲಿ ಉಳಿದ ನನಗೆ ರೀಲಿನ ಚರಿತ್ರೆಯ ಎಳೆ ಸಿಕ್ಕಿದ್ದು ಈ ಒಣ ನೆಲದಲ್ಲಿ. ಕಾರಣ ಮೀನಲ್ಲ, ನೂಲು. ಅದಕ್ಕೆ ಆಮೇಲೆ ಬರುತ್ತೇನೆ.

ಗಾಳ ಸಾವಿರಾರು ವರ್ಷ ಹಳೆಯದು. ರೀಲು ಹಾಗಲ್ಲ. ರೀಲಿನ ಅತಿ ಹಳೆಯ ಚಿತ್ರ ಎಂದು ಸಾಮಾನ್ಯವಾಗಿ ತೋರಿಸುವುದು ಚೀನಾದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದದ್ದನ್ನು. ಚಳಿಗಾಲದ ಸರೋವರ, ಚಿಕ್ಕ ದೋಣಿ, ಅದರಲ್ಲಿ ಮುದುರಿ ಕುಳಿತ ಒಬ್ಬ ಮನುಷ್ಯ, ಅವನ ಕೋಲಿಗೆ ಒಂದು ಪುಟ್ಟ ಗಾಲಿ. ಇಂಗ್ಲೆಂಡಿನಲ್ಲಿ ಇಂಥ ಸಾಧನದ ಮಾತು ಪುಸ್ತಕದಲ್ಲಿ ಬರುವುದು 1651ರಲ್ಲಿ, ಥಾಮಸ್ ಬಾರ್ಕರ್ ಎಂಬವನ ಬರಹದಲ್ಲಿ. ಅಲ್ಲಿಂದ ಮುಂದೆ ಇನ್ನೂರು ವರ್ಷ ಅದು ಹೆಚ್ಚು ಬದಲಾಗಲಿಲ್ಲ. ಬಾವಿಯ ರಾಟೆಯನ್ನು ಅಂಗೈಯಷ್ಟು ಚಿಕ್ಕದು ಮಾಡಿದರೆ ಹೇಗೋ ಹಾಗೆ.

ನಮ್ಮ ಕಡಲಿನವರಿಗೆ ಅದರ ಅಗತ್ಯವೇ ಇರಲಿಲ್ಲ. ದೋಣಿಯಿಂದ ದಾರ ಇಳಿಬಿಡುವವನಿಗೆ ಕೈಯೇ ರೀಲು, ಉಳಿದ ದಾರ ಸುತ್ತಿಡಲು ಒಂದು ಮರದ ತುಂಡು ಸಾಕು. ಬೂತಾಯಿ, ಬಂಗುಡೆಗಂತೂ ಬಲೆಯೇ. ರೀಲು ಬೇಕಾಗುವುದು ದಂಡೆಯಲ್ಲಿ ನಿಂತು ದೂರಕ್ಕೆ ಎಸೆಯುವವನಿಗೆ, ಅದಕ್ಕಿಂತ ಹೆಚ್ಚಾಗಿ ಸಿಕ್ಕ ಮೀನು ದಾರ ಎಳೆದುಕೊಂಡು ನೂರು ಗಜ ಓಡುವಾಗ. ಹಾಗೆ ಓಡುವ ಮೀನು ನಮ್ಮ ಹೊಳೆಗಳಲ್ಲಿತ್ತು. ಮಹಶೀರ್. ಶಿಶಿಲದಂಥ ಮತ್ಸ್ಯತೀರ್ಥಗಳಲ್ಲಿ ಮಂಡಕ್ಕಿ ಹಾಕಿದರೆ ಮುತ್ತಿಕೊಳ್ಳುವ ದೇವರ ಮೀನುಗಳು ಇದೇ ಬಳಗದವು.

ಈ ಮೀನಿನಿಂದಾಗಿ ಮಂಗಳೂರಿನ ಹೆಸರು ಗಾಳದ ಚರಿತ್ರೆಯಲ್ಲಿ ಸೇರಿಕೊಂಡಿದೆ. ನಮ್ಮಲ್ಲಿ ಅದು ಗೊತ್ತಿರುವವರು ಕಡಿಮೆ. 19ನೇ ಶತಮಾನದಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಮೀನಿನ ಹುಚ್ಚಿದ್ದ ಅಧಿಕಾರಿ. 1870ರಲ್ಲಿ ಈ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಅವನ ವರದಿ ಪ್ರಕಟವಾಯಿತು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬಂತು. ಭಾರತದಲ್ಲಿ ಗಾಳ ಹಾಕುವವರು ಮುಂದೆ ಬಹುಕಾಲ ಕೈಯಲ್ಲಿ ಹಿಡಿದುಕೊಂಡು ತಿರುಗಿದ ಆ ಪುಸ್ತಕದ ಮೊದಲ ಆವೃತ್ತಿ ಹೊರಬಂದದ್ದು ಲಂಡನ್ನಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ನಮ್ಮ ಮಂಗಳೂರಿನಲ್ಲಿ. 1881ರಲ್ಲಿ ಎರಡನೆಯ, 1897ರಲ್ಲಿ ಮೂರನೆಯ ಆವೃತ್ತಿ ಬಂದವು. ನಡುವೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ ಅವನು ಇನ್ನೊಂದು ಪುಸ್ತಕ ಬರೆದ. ದಕ್ಷಿಣ ಕನ್ನಡದ ಹೊಳೆಯ ಒಂದು ಮೀನಿಗೆ ಫ್ರಾನ್ಸಿಸ್ ಡೇ ಎಂಬ ಮತ್ಸ್ಯ ವಿಜ್ಞಾನಿ 1874ರಲ್ಲಿ ಥಾಮಸನ ಹೆಸರನ್ನೇ ಇಟ್ಟ.

ಆ ಕಾಲದ ರೀಲು ನಿಮ್ಮ ಅಟ್ಟದ ರೀಲಿನಂತೆ ಅಲ್ಲ. ಹಿತ್ತಾಳೆಯ ಎರಡು ತಟ್ಟೆ, ನಡುವೆ ಒಂದು ಉರುಳೆ, ಒಂದು ಹಿಡಿ. ಒಳಗೆ ಕಟಕಟ ಎನ್ನುವ ಒಂದು ಹಲ್ಲು. ಕೆಡಲು ಅದರಲ್ಲಿ ಏನೂ ಇಲ್ಲ. ಕೆಡುತ್ತಿದ್ದದ್ದು ದಾರ. ಹೆಣೆದ ರೇಷ್ಮೆಯ ದಾರಕ್ಕೆ ಅಗಸೆ ಎಣ್ಣೆ ಕುಡಿಸಿ ಗಟ್ಟಿ ಮಾಡುತ್ತಿದ್ದರು. ಒದ್ದೆ ದಾರವನ್ನು ರೀಲಿನಲ್ಲೇ ಬಿಟ್ಟರೆ ಒಳಸುತ್ತುಗಳು ಬೆಂದು ಕೊಳೆಯುತ್ತಿದ್ದವು. ಮುಂದಿನ ಸಲ ದೊಡ್ಡ ಮೀನು ಎಳೆದಾಗ ದಾರ ಪಟ್ಟೆಂದು ಹರಿದು ಹೋಗುತ್ತಿತ್ತು. ಅದಕ್ಕೆ ಪ್ರತಿ ಸಂಜೆ ಇಡೀ ದಾರ ಬಿಚ್ಚಿ, ಕುರ್ಚಿಯ ಬೆನ್ನಿಗೋ ಮರದ ಚೌಕಟ್ಟಿಗೋ ಸಡಿಲವಾಗಿ ಸುತ್ತಿ, ನೆರಳಿನಲ್ಲಿ ಒಣಗಿಸಿ, ಮರುದಿನ ಮತ್ತೆ ರೀಲಿಗೆ ಏರಿಸಬೇಕು. ಸಾಹೇಬರ ಬಂಗಲೆಗಳಲ್ಲಿ ಈ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟು ತೂಕದ ಮೀನು, ಇಂಥ ಹೊಳೆ, ಇಂಥ ಸಾಹೇಬ ಎಂದು ದಾಖಲೆಗಳು ಹೇಳುತ್ತವೆ. ದಾರ ಒಣಗಿಸಿದವನನ್ನು ಯಾರೂ ಬರೆದಿಡಲಿಲ್ಲ. ರೀಲಿನ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವ ಮನುಷ್ಯ ಅವನೇ.

ಇದು ಸಾಹೇಬರ ಕಥೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಮೀನುಗಾರರ ಹತ್ತಿ, ಸೆಣಬಿನ ಬಲೆಗಳಿಗೂ ಇದೇ ಉಪಚಾರ. ತೊಗಟೆ ಕುದಿಸಿದ ಚೊಗರು ನೀರಿನಲ್ಲಿ ಅದ್ದುವುದು, ಮರಳಿನ ಮೇಲೆ ಹರಡಿ ಒಣಗಿಸುವುದು, ಒಣಗಿಸುವಾಗ ಹರಿದ ಕಣ್ಣುಗಳನ್ನು ನೋಡಿ ಹೆಣೆಯುವುದು. ಬಲೆಯನ್ನು ದಿನವೂ ಕೈಯಾಡಿಸಿ ನೋಡಲೇಬೇಕಾಗಿತ್ತು. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿ ನೈಲಾನ್ ಎಂಬ ಹೊಸ ನೂಲನ್ನು ಲೋಕಕ್ಕೆ ತೋರಿಸಿತು. ಕೆಲವೇ ವರ್ಷಗಳಲ್ಲಿ ಗಾಳದ ದಾರ, ಆಮೇಲೆ ಬಲೆ, ಎರಡೂ ನೈಲಾನ್ ಆದವು. ನೈಲಾನ್ ನೀರಿನಲ್ಲಿ ಕೊಳೆಯುವುದಿಲ್ಲ. ಹಾಗಾಗಿ ಬಿಚ್ಚಿ ಒಣಗಿಸುವ ಅಭ್ಯಾಸ ಹೋಯಿತು. ಅದರ ಜೊತೆಗೇ ಸಂಜೆ ಒಮ್ಮೆ ರೀಲನ್ನು ಕೈಗೆತ್ತಿಕೊಂಡು ನೋಡುವ ಅಭ್ಯಾಸವೂ ಹೋಯಿತು. ದಾರ ಕೊಳೆಯುವುದು ನಿಂತ ಮೇಲೆ ರೀಲು ಕೊಳೆಯಲು ಶುರುವಾಯಿತು.

ಈಗ ನೂಲಿನ ಕಥೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಲೇಸ್ ನೇಯುವ ಊರು. ಅಲ್ಲಿನವರು ಮರದಿಂದ ಕಡೆದ ಹಗುರವಾದ ರೀಲು ಮಾಡಿದರು. ಬೆರಳು ಸೋಕಿದರೆ ತಿರುಗುವಂಥದ್ದು, ನೂಲಿನ ಉರುಳೆಯ ತಮ್ಮನಂತೆ. ಮರದ ದೋಷ ಒಂದೇ, ನೀರು ಕುಡಿದು ಉಬ್ಬುತ್ತದೆ, ಸೊಟ್ಟಗಾಗುತ್ತದೆ. ಅದನ್ನು ತಡೆಯಲು ಬೆನ್ನಿಗೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ ಬಡಿದರು. ನಮ್ಮ ಆಟಿ ತಿಂಗಳ ಹವೆಯಲ್ಲಿ ಆ ಪಟ್ಟಿ ಎಷ್ಟು ದಿನ ತಡೆದೀತು ಎಂದು ನನಗೆ ಸಂಶಯವೇ. ಆಮೇಲೆ ಎಬೊನೈಟ್ ಬಂತು, ಅಲ್ಯೂಮಿನಿಯಂ ಮಿಶ್ರಲೋಹ ಬಂತು, ಆಲ್ನಿಕ್ ಎಂಬ ಊರಿನ ಹಾರ್ಡಿ ಕಂಪೆನಿ 1890ರ ದಶಕದಲ್ಲಿ ಬಾಲ್ ಬೇರಿಂಗ್ ಇರುವ ರೀಲು ಮಾರಿತು. ಆದರೂ ಇವೆಲ್ಲ ತಿರುಗುವ ಉರುಳೆಗಳೇ. ದಾರ ಹೋಗಬೇಕಾದರೆ ಇಡೀ ಉರುಳೆ ತಿರುಗಬೇಕು.

ಅದನ್ನು ತಲೆಕೆಳಗು ಮಾಡಿದವನು ಮೀನುಗಾರನಲ್ಲ, ಗಿರಣಿ ಮಾಲೀಕ. ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯ ಆಲ್‌ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಹೊಸ ಬಗೆಯ ರೀಲಿಗೆ ಪೇಟೆಂಟ್ ಪಡೆದ. ಮಗ್ಗದ ಲಾಳಿಯೊಳಗಿನ ಕಂಡಿಕೆಯನ್ನು ನೆನಪಿಸಿಕೊಳ್ಳಿ. ಲಾಳಿ ಎಡಕ್ಕೂ ಬಲಕ್ಕೂ ಓಡುವಾಗ ಕಂಡಿಕೆ ತಿರುಗುವುದಿಲ್ಲ, ನೂಲು ಅದರ ತುದಿಯಿಂದ ಜಾರಿ ಹೊರಬರುತ್ತದೆ. ಮನೆಯಲ್ಲೇ ಮಾಡಿ ನೋಡಬಹುದು. ಹೊಲಿಗೆ ದಾರದ ಉಂಡೆಯನ್ನು ಮೊಳೆಗೆ ಸಿಕ್ಕಿಸಿ ಎಳೆದರೆ ಉಂಡೆ ತಿರುಗುತ್ತದೆ, ಜೋರಾಗಿ ಎಳೆದು ನಿಲ್ಲಿಸಿದರೆ ಅದು ತಿರುಗುತ್ತಲೇ ಇದ್ದು ದಾರ ಸಿಕ್ಕುಸಿಕ್ಕಾಗುತ್ತದೆ. ಅದೇ ಉಂಡೆಯನ್ನು ನಿಲ್ಲಿಸಿಟ್ಟು ಮೇಲಿನಿಂದ ಎಳೆದರೆ ಉಂಡೆ ಅಲ್ಲಾಡದೆ ದಾರ ಸರಸರ ಬರುತ್ತದೆ. ಇಲಿಂಗ್‌ವರ್ತ್ ಮಾಡಿದ್ದು ಇಷ್ಟೇ. ಉರುಳೆಯನ್ನು ಕೋಲಿಗೆ ಉದ್ದುದ್ದ ನಿಲ್ಲಿಸಿದ, ಎಸೆಯುವಾಗ ಅದು ಅಲ್ಲಾಡದಂತೆ ಮಾಡಿದ, ಮರಳಿ ಸುತ್ತಲು ಸುತ್ತಲೂ ತಿರುಗುವ ಒಂದು ತೋಳು ಇಟ್ಟ. ಇಂದು ಪಣಂಬೂರು ಕಡಲತೀರದಲ್ಲಾಗಲಿ ದುಬೈಯಲ್ಲಾಗಲಿ ಹೆಚ್ಚಿನವರ ಕೈಯಲ್ಲಿ ಕಾಣುವ ರೀಲು ಇದರ ಸಂತತಿ.

ಈ ಸಂಬಂಧವನ್ನು ನನಗೆ ತೋರಿಸಿಕೊಟ್ಟವರು ಪುಸ್ತಕ ಅಲ್ಲ, ಸೊಲ್ಲಾಪುರದ ಒಬ್ಬ ನಿವೃತ್ತ ಗಿರಣಿ ಫಿಟ್ಟರ್. ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ 1877ರಲ್ಲಿ ಶುರುವಾಯಿತು, ಜನ ಅದನ್ನು ಈಗಲೂ ಜುನಿ ಮಿಲ್ ಎನ್ನುತ್ತಾರೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಕಲಿತ ಕೈಗಳು ಉಳಿದವು. ಹೊಲಿಗೆ ಯಂತ್ರ, ನೀರಿನ ಪಂಪು, ಏನು ಕೊಟ್ಟರೂ ಬಿಚ್ಚಿ ನೋಡುವ ಜನ. ನನ್ನ ರೀಲನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು ಹೇಳಿದ್ದು: "ಇದು ಕಂಡಕಿನ ಐತಲ್ರಿ ಭಾಯ್. ನೂಲಿನ ಬದಲಿ ನೈಲಾನ್ ಸುತ್ಯಾರ, ಅಷ್ಟ." ಅವರು ಮೀನು ತಿನ್ನುವವರೂ ಅಲ್ಲ. ರೀಲನ್ನು ಅದಕ್ಕೂ ಮೊದಲು ನೋಡಿದವರೂ ಅಲ್ಲ. ಕಾಲು ಗಂಟೆಯಲ್ಲಿ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ, ದೋಷ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು.

ರೀಲು ಮಾಡಿದವರ ಪಟ್ಟಿಯನ್ನೇ ನೋಡಿ. ಸ್ವೀಡನ್ನಿನ ಆಬು ಕಂಪೆನಿ ಮೊದಲು ಗಡಿಯಾರ, ಟ್ಯಾಕ್ಸಿ ಮೀಟರ್ ಮಾಡುತ್ತಿತ್ತು. ಫ್ರಾನ್ಸಿನ ಮಿಚೆಲ್ ರೀಲು ಹುಟ್ಟಿದ್ದು ಗಡಿಯಾರದ ಬಿಡಿಭಾಗಗಳ ಕಣಿವೆಯಲ್ಲಿ. ನಮ್ಮವರು ಗಲ್ಫಿನಿಂದ ತಂದ ಶಿಮಾನೊ 1921ರಲ್ಲಿ ಜಪಾನಿನ ಸಕಾಯಿ ಊರಿನಲ್ಲಿ ಸೈಕಲ್ ಭಾಗ ಮಾಡಲು ಹುಟ್ಟಿದ ಕಂಪೆನಿ. ಇದು ಮೊದಲಿನಿಂದಲೂ ಫಿಟ್ಟರುಗಳ ವಸ್ತು. ಸೈಕಲ್ ರಿಪೇರಿ ಮಾಡುವ ಹುಡುಗನೊಬ್ಬನಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.

ಅಟ್ಟದ ರೀಲು ಯಾಕೆ ಹಿಡಿದುಕೊಂಡಿತು? ಉಪ್ಪು. ಸಮುದ್ರದ ನೀರು ಆರಿದ ಮೇಲೂ ಉಪ್ಪಿನ ಹರಳು ಸಂದುಗಳಲ್ಲಿ ಉಳಿಯುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುವುದಿಲ್ಲವೇ, ಹಾಗೆಯೇ ಈ ಹರಳು ಪ್ರತಿ ಮಳೆಗಾಲ ಹವೆಯಿಂದ ತೇವ ಎಳೆದುಕೊಂಡು ಮತ್ತೆ ಸಮುದ್ರದ ನೀರಾಗುತ್ತದೆ. ಎರಡು ಬೇರೆ ಲೋಹಗಳು ತಾಗಿಕೊಂಡಿರುವಲ್ಲಿ, ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಹಾಕಿದಲ್ಲಿ, ಆ ನೀರು ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬಿಳಿ ಪುಡಿ ಕಾಣುವುದು ಅದಕ್ಕೆ. ಅಂದರೆ ರೀಲು ಕೆಟ್ಟದ್ದು ಮೀನು ಹಿಡಿದ ನಾಲ್ಕು ದಿನಗಳಲ್ಲಿ ಅಲ್ಲ, ಆಮೇಲೆ ಸುಮ್ಮನಿದ್ದ ಹತ್ತು ಹದಿನೈದು ಮಳೆಗಾಲಗಳಲ್ಲಿ. ತೊಟ್ಟೆಯಲ್ಲಿ ಕಟ್ಟಿಟ್ಟದ್ದು ಇನ್ನೂ ಕೆಟ್ಟದ್ದು, ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿಟ್ಟಿದ್ದರೆ ಎಷ್ಟೋ ಉಳಿಯುತ್ತಿತ್ತು.

ಬದುಕಿಸುವುದು ಹೀಗೆ. ಬಲವಂತವಾಗಿ ಹಿಡಿ ತಿರುಗಿಸಬೇಡಿ, ಹಲ್ಲು ಮುರಿಯುತ್ತದೆ. ಉರುಳೆ ತೆಗೆದು, ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಹೊರಗಿನ ಉಪ್ಪು ಕರಗಿಸಿ. ಸ್ಕ್ರೂಗಳಿಗೆ ಒಂದೊಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮುಚ್ಚಳ ತೆರೆದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಪ್ರತಿ ಭಾಗ ತೆಗೆಯುವಾಗಲೂ ಒಂದೊಂದು. ಒಳಗಿನ ಹಳೆಯ ಗ್ರೀಸ್ ಹಳೆಯ ಬೆಲ್ಲದಂತೆ ಕಟ್ಟಿಕೊಂಡಿರುತ್ತದೆ. ಲೋಹದ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬಹುದು, ಪ್ಲಾಸ್ಟಿಕ್ ಭಾಗಗಳಿಗೆ ಸಾಬೂನು ನೀರೇ ಸಾಕು. ಪೂರ್ತಿ ಒಣಗಿದ ಮೇಲೆ ಹಲ್ಲುಗಳಿಗೆ ಹೊಸ ಗ್ರೀಸ್ ತೆಳುವಾಗಿ. ದಾರ ಹಾದುಹೋಗುವ ಚಿಕ್ಕ ಗಾಲಿ, ಹಿಡಿಯ ಗುಂಡು, ತಂತಿ ತೋಳಿನ ಸಂದು, ಇವುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಎರಡಲ್ಲ, ಒಂದು. ಮೀನು ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕಿನ ಬಿಲ್ಲೆಗಳ ಮೇಲೆ ಈ ಎಣ್ಣೆ ತಾಗಬಾರದು, ತಾಗಿದರೆ ಬ್ರೇಕು ಜಾರುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಕೀಲಿನಿಂದ ಹಿಡಿದು ಕೂದಲಿನವರೆಗೆ ಎಲ್ಲದಕ್ಕೂ ಅದೇ ಮದ್ದು. ರೀಲಿಗೆ ಬೇಡ. ಹವೆ ತಾಗಿ ಅದು ಕ್ರಮೇಣ ಅಂಟಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಹೋಟಗಿಗೆ ತಂದ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯುವುದೇ ಇಲ್ಲ, ರೀಲಿನೊಳಗೆ ಏನಾದೀತು ಊಹಿಸಿ.

ಇನ್ನು ಪ್ರತಿ ಸಲ ಸಮುದ್ರದಿಂದ ಬಂದ ಮೇಲಿನ ಕೆಲಸ. ಮೊದಲು ಬ್ರೇಕಿನ ತಿರುಪು ಬಿಗಿ ಮಾಡಿ, ಬಿಲ್ಲೆಗಳ ನಡುವೆ ನೀರು ಹೋಗದಂತೆ. ಆಮೇಲೆ ಮಳೆಹನಿಯಂತೆ ನೀರು ಚಿಮುಕಿಸಿ. ನಲ್ಲಿಯ ಕೆಳಗೆ ಜೋರಾಗಿ ಹಿಡಿದರೆ ಹೊರಗಿನ ಉಪ್ಪನ್ನು ನೀವೇ ಒಳಗೆ ತಳ್ಳಿದಂತೆ, ಬಕೆಟ್ಟಿನಲ್ಲಿ ಮುಳುಗಿಸಿದರೂ ಹಾಗೆಯೇ. ಒರೆಸಿ ನೆರಳಲ್ಲಿ ಆರಿಸಿ. ಒಣಗಿದ ಮೇಲೆ ಬ್ರೇಕು ಸಡಿಲ ಬಿಟ್ಟು ಇಡಿ, ಬಿಗಿಯಾಗಿಯೇ ತಿಂಗಳುಗಟ್ಟಲೆ ಇಟ್ಟರೆ ಮೆತ್ತನೆಯ ಬಿಲ್ಲೆಗಳು ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ರೇಷ್ಮೆ ದಾರದ ಕಾಲದಲ್ಲಿ ಇದಕ್ಕೆ ಇಡೀ ಸಂಜೆ ಬೇಕಿತ್ತು.

ಹೋಟಗಿಯಲ್ಲಿ ಲೆಕ್ಕ ಬೇರೆ. ಇಲ್ಲಿ ಉಪ್ಪಿಲ್ಲ, ತುಕ್ಕು ಅಪರೂಪ. ಮಂಗಳೂರಿನಲ್ಲಿ ಮೂರು ವರ್ಷಕ್ಕೆ ಮೈ ಬೆಳ್ಳಗಾಗುವ ರೀಲು ಇಲ್ಲಿ ಹೊಸದರಂತೆ ಹೊಳೆಯುತ್ತಿರುತ್ತದೆ, ಆದರೆ ತಿರುಗಿಸಿದರೆ ಗರಗರ. ಎರೆಮಣ್ಣಿನ ನಾಡಿನ ಬೇಸಗೆಯ ಧೂಳು ಹಿಟ್ಟಿಗಿಂತ ನುಣುಪು. ಅದು ಗ್ರೀಸಿನಲ್ಲಿ ಕಲೆತರೆ ಗ್ಯಾರೇಜಿನಲ್ಲಿ ವಾಲ್ವು ಉಜ್ಜುವ ಪೇಸ್ಟಿನಂತಾಗಿ ಹಿತ್ತಾಳೆಯ ಹಲ್ಲುಗಳನ್ನು ಸವೆಸುತ್ತದೆ. ಕರಾವಳಿಯಲ್ಲಿ ಗ್ರೀಸ್ ಸ್ವಲ್ಪ ಹೆಚ್ಚಾದರೂ ಅದೇ ಕವಚ, ಇಲ್ಲಿ ಹೆಚ್ಚಾದದ್ದೇ ಶತ್ರು. ಕೆರೆಯ ಕೆಸರು ದಂಡೆಯ ಮೇಲೆ ರೀಲನ್ನು ಮಲಗಿಸಿದರೂ ಅದೇ ಗತಿ. ಊರು ಬದಲಾದರೆ ಎಣ್ಣೆಯ ಅಳತೆಯೂ ಬದಲಾಗಬೇಕು ಎಂದು ಯಾವ ಕಂಪೆನಿಯ ಚೀಟಿಯಲ್ಲೂ ನಾನು ಓದಿಲ್ಲ. ಕೆರೆಯ ಮೀನಿನ ಹಕ್ಕು ಇಲ್ಲೆಲ್ಲ ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆಯಾಗಿರುತ್ತದೆ, ಕೇಳದೆ ಗಾಳ ಹಾಕಬಾರದು, ಇದೂ ನೆನಪಿರಲಿ.

ಹೋಟಗಿಯ ದಕ್ಷಿಣದ ಭೀಮೆಗೂ ಥಾಮಸನ ಮಹಶೀರಿಗೂ ಒಂದು ನಂಟಿದೆ. ದಖ್ಖನ್ನಿನ ಮಹಶೀರನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಕರ್ನಲ್ ಸೈಕ್ಸ್, 1839ರಲ್ಲಿ. ಅವನಿಗೆ ಮೀನು ಸಿಕ್ಕಿದ್ದು ಪುಣೆಯ ಮುಳಾ ಮುಠಾ ನದಿಯಲ್ಲಿ, ಅದು ಹರಿದು ಬಂದು ಸೇರುವುದು ಭೀಮೆಯನ್ನು. ಕಾವೇರಿಯ ಗೂನುಬೆನ್ನಿನ ಮಹಶೀರ್ ಬೇರೆ ಜಾತಿ, ಇನ್ನೂ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಮುಂದೆ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಲೋನಾವಳಾದಲ್ಲಿ ಮರಿ ಮಾಡಿಸಿದ ದಖ್ಖನ್ ಮಹಶೀರನ್ನು ಕಾವೇರಿಗೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು. ಆದರೆ ಬಂದ ಮೀನು ಹೆಚ್ಚಿತು, ಕಾವೇರಿಯದೇ ಆದ ಮೀನು ಕಾಣೆಯಾಗುತ್ತ ಬಂತು. 2018ರಲ್ಲಿ ಅದು ಟೋರ್ ರೆಮಾದೇವಿ ಎಂಬ ಜಾತಿ ಎಂದು ಖಚಿತವಾಗುವ ಹೊತ್ತಿಗೆ ಅಳಿವಿನ ಅಂಚಿನಲ್ಲಿತ್ತು. ಈ ಬದಲಾವಣೆ ಬೆಳಕಿಗೆ ಬಂದದ್ದರಲ್ಲಿ ಕಾವೇರಿಯ ಗಾಳದ ಶಿಬಿರಗಳಲ್ಲಿ ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನುಗಳನ್ನು ದಿನದಿನವೂ ಬರೆದಿಟ್ಟ ದಾಖಲೆಗಳ ಪಾಲು ದೊಡ್ಡದು.

ಅಲ್ಲಿ ರೀಲಿನ ಆರೈಕೆ ಮೀನಿನ ಜೀವಕ್ಕೂ ಸಂಬಂಧಿಸಿದ್ದು. ಬಿಟ್ಟುಬಿಡಬೇಕಾದ ಮೀನನ್ನು ಬೇಗ ದಂಡೆಗೆ ತರಬೇಕು, ಸುಸ್ತಾಗಿಸಿ ತಂದರೆ ಬಿಟ್ಟರೂ ಸಾಯಬಹುದು. ಬ್ರೇಕು ಕಚ್ಚಿಕೊಂಡರೆ ದಾರ ಹರಿದು, ಬಾಯಲ್ಲಿ ಕೊಕ್ಕೆ, ಹಿಂದೆ ಮಾರುಗಟ್ಟಲೆ ನೈಲಾನ್ ಎಳೆದುಕೊಂಡು ಮೀನು ಹೋಗುತ್ತದೆ. ನಮ್ಮ ಅಳಿವೆಗಳಲ್ಲಿ ಮುರು ಮೀನಿಗೂ ಅದೇ ಗತಿ. ಸವೆದ ದಾರವನ್ನು ಕತ್ತರಿಸಿ ನೀರಿಗೆ ಎಸೆಯುವವರಿಗೆ ಒಂದು ಮಾತು: ರೇಷ್ಮೆ ಕೊಳೆಯುತ್ತಿತ್ತು, ಇದು ಕೊಳೆಯುವುದಿಲ್ಲ. ಮನೆಗೆ ತಂದು ತುಂಡು ಮಾಡಿ ಕಸಕ್ಕೆ ಹಾಕಿ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಂದರಿನಲ್ಲಿ ಆಗ ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಕೆಲಸ. ಕಡಲು ಒರಟಾಗಿ ದಂಡೆಯಿಂದ ಗಾಳ ಹಾಕುವವರೂ ಮನೆಯಲ್ಲಿ ಕೂರುವ ದಿನಗಳು ಅವು. ಅಟ್ಟದ ರೀಲನ್ನು ಇಳಿಸಿ ಬಿಚ್ಚುವುದಿದ್ದರೆ ಅದಕ್ಕೂ ಸ್ವಲ್ಪ ಮೊದಲು, ಮೇ ತಿಂಗಳ ಒಣ ಹವೆಯಲ್ಲೇ ಬಿಚ್ಚಿ. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯುವ ಒಂದು ಸ್ಪ್ರಿಂಗ್ ಒಳಗಿದೆ, ಅಕ್ಕಿಕಾಳಿಗಿಂತ ಚಿಕ್ಕದು, ಮುಚ್ಚಳ ತೆಗೆದ ಕೂಡಲೇ ಹಾರುತ್ತದೆ. ಸೊಲ್ಲಾಪುರದಲ್ಲಿ ಅದನ್ನು ಹುಡುಕಲು ನಾವಿಬ್ಬರೂ ಅರ್ಧ ಗಂಟೆ ನೆಲದ ಮೇಲೆ ತೆವಳಿದ್ದೇವೆ.